ಕರಾವಳಿಯಲ್ಲಿ ಸ್ಕೆಚ್‌ಬುಕ್: ಯಾವ ಹಾಳೆ, ಯಾವ ಪೆನ್ನು, ಯಾವ ಬಣ್ಣ?

ಸ್ಕೆಚ್‌ಬುಕ್ ಹಿಡಿದು ಉತ್ತರ ಕನ್ನಡ ಸುತ್ತಬೇಕು ಅಂದುಕೊಂಡವರು ಮೊದಲು ಕೇಳುವುದು ಬಣ್ಣದ ಬಗ್ಗೆ. ಯಾವ ಕಂಪನಿಯದ್ದು ತಗೊಳ್ಳಲಿ, ಹನ್ನೆರಡು ಬಣ್ಣದ ಡಬ್ಬಿ ಸಾಕಾ, ಇಪ್ಪತ್ನಾಲ್ಕರದ್ದು ಬೇಕಾ? ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕೈಯಲ್ಲಿರುವ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಳೆಗೆ ಹಾಕಿ. ಆಮೇಲೆ ನೀರಿಗೆ ಕರಗದ ಶಾಯಿಯ ಪೆನ್ನು ಒಂದು. ಮಿಕ್ಕಿದ್ದರಲ್ಲಿ ಬಣ್ಣ, ಕುಂಚ. ಸಾಧಾರಣ ಬಣ್ಣ ಒಳ್ಳೆ ಹಾಳೆ ಮೇಲೆ ಚೆನ್ನಾಗಿಯೇ ಕಾಣುತ್ತದೆ. ದುಬಾರಿ ಬಣ್ಣ ಕೆಟ್ಟ ಹಾಳೆ ಮೇಲೆ ಏನೂ ಮಾಡಲಾರದು.

ಇನ್ನೊಂದು ಮಾತು. ಜಲವರ್ಣದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರಿನವರು ಹೇಳಿದ್ದು. ನಮ್ಮಲ್ಲಿ ಹಾಗಲ್ಲ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಳೆ ಇಲ್ಲದ ದಿನವೂ ಕಡಲ ಗಾಳಿಯಲ್ಲಿ ತೇವ ಮತ್ತು ಉಪ್ಪು ಎರಡೂ ಇರುತ್ತವೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಉಪ್ಪು ಇಲ್ಲ, ಆದರೆ ಬೂಸ್ಟು ಇದೆ. ಹಾಗಾಗಿ ಕೆಳಗೆ ಹೇಳಿರುವ ಆಯ್ಕೆಗಳೆಲ್ಲ ಈ ಗಾಳಿಯನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದು.

ಹಾಳೆ: ಹತ್ತಿಯದ್ದೋ, ಮರದ ತಿರುಳಿನದ್ದೋ?

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ. ಒಂದು ಮರದ ತಿರುಳಿನದ್ದು, ಸೆಲ್ಯುಲೋಸ್ ಪೇಪರ್ ಅಂತಲೇ ಕರೆಯುತ್ತಾರೆ. ಇನ್ನೊಂದು ನೂರಕ್ಕೆ ನೂರು ಹತ್ತಿಯದ್ದು. ನಡುವೆ 25 ಪರ್ಸೆಂಟ್ ಹತ್ತಿ ಬೆರೆಸಿದ ಹಾಳೆಗಳೂ ಇವೆ. ಪೂರ್ತಿ ಹತ್ತಿಯದ್ದರ ಬೆಲೆ ತಿರುಳಿನದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ವ್ಯತ್ಯಾಸ ಕಾಣುವುದು ನೀರು ಬಿದ್ದಾಗ. ತಿರುಳಿನ ಹಾಳೆಯಲ್ಲಿ ಬಣ್ಣ ಮೇಲೆಯೇ ಕೂರುತ್ತದೆ, ಬೇಗ ಒಣಗುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ. ಎರಡನೇ ಪದರ ಹಾಕಲು ಹೋದರೆ ಕೆಳಗಿನ ಪದರ ಎದ್ದು ಬರುತ್ತದೆ. ಹತ್ತಿ ಹಾಳೆ ನೀರನ್ನು ಸಮನಾಗಿ ಹಿಡಿದುಕೊಳ್ಳುತ್ತದೆ, ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ, ಪದರದ ಮೇಲೆ ಪದರ ತಾಳುತ್ತದೆ.

ಹಾಗಾದರೆ ಯಾವಾಗಲೂ ಹತ್ತಿಯೇ ಒಳ್ಳೆಯದು ಅಂತಲಾ? ಇಲ್ಲಿಯೇ ನಮ್ಮ ಹವೆ ಲೆಕ್ಕಕ್ಕೆ ಬರುವುದು. ಏಪ್ರಿಲ್ ತಿಂಗಳಲ್ಲಿ ಗೋಕರ್ಣದ ಓಂ ಬೀಚಿನ ಬಂಡೆ ಮೇಲೆ ಕೂತು ಆಕಾಶಕ್ಕೆ ನೀಲಿ ಹಚ್ಚಿದರೆ, ತಿರುಳಿನ ಹಾಳೆಯಲ್ಲಿ ಕುಂಚ ಆ ತುದಿ ಮುಟ್ಟುವ ಮೊದಲೇ ಈ ತುದಿ ಒಣಗಿರುತ್ತದೆ. ನಡುವೆ ಗೆರೆ ಬೀಳುತ್ತದೆ. ಆ ಬಿಸಿಲಿಗೆ ಹತ್ತಿ ಹಾಳೆಯೇ ಬೇಕು. ಆದರೆ ಜುಲೈಯಲ್ಲಿ ಶಿರಸಿ ಕಡೆ ಒಂದು ಮನೆಯ ಜಗಲಿಯಲ್ಲಿ ಕೂತು ತೋಟ ಬಿಡಿಸುತ್ತಿದ್ದರೆ ಇದೇ ಗುಣ ಕಾಟ ಕೊಡುತ್ತದೆ. ಹಚ್ಚಿದ ಬಣ್ಣ ಒಣಗುವುದೇ ಇಲ್ಲ. ಒಣಗುವ ಮೊದಲೇ ಇನ್ನೊಂದು ಹನಿ ಬಿದ್ದರೆ ಬಣ್ಣ ಒಳಗೆ ನುಗ್ಗಿ ಅಂಚಲ್ಲಿ ಕಲೆ ಏಳುತ್ತದೆ. ಪುಸ್ತಕ ಮುಚ್ಚಿದರೆ ಎದುರಿನ ಪುಟಕ್ಕೆ ಅಂಟುತ್ತದೆ. ಮಳೆಗಾಲದಲ್ಲಿ ಒಂದೇ ಸಲ ಕೂತು ಮುಗಿಸುವ ಚಿಕ್ಕ ಸ್ಕೆಚ್‌ಗೆ 25 ಪರ್ಸೆಂಟ್ ಹತ್ತಿಯ 200 ಜಿಎಸ್‌ಎಂ ಹಾಳೆ ಹೆಚ್ಚು ಅನುಕೂಲ. (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ.) ನವೆಂಬರ್‌ನಿಂದ ಮೇವರೆಗೆ ಪೂರ್ತಿ ಹತ್ತಿಯ 300 ಜಿಎಸ್‌ಎಂ. ಒಂದೇ ಪುಸ್ತಕ ಕೊಳ್ಳಲು ಸಾಧ್ಯ ಅನ್ನುವವರು ಎರಡನೆಯದನ್ನೇ ಕೊಳ್ಳಿ, ಮಳೆಯಲ್ಲಿ ನೀರು ಕಮ್ಮಿ ಬಳಸಿ.

ದಪ್ಪದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 150 ಜಿಎಸ್‌ಎಂಗಿಂತ ತೆಳು ಆದರೆ ನೀರು ಬಿದ್ದ ಕೂಡಲೇ ಸುರುಟುತ್ತದೆ. 200 ಸ್ವಲ್ಪ ಅಲೆ ಏಳುತ್ತದೆ. 300 ಸುಮ್ಮನೆ ಮಲಗಿರುತ್ತದೆ. ಅಷ್ಟೇ.

ಮೇಲ್ಮೈ ಮಾತ್ರ ಯೋಚಿಸಿ ಆರಿಸಬೇಕು. ನಯವಾದದ್ದು ಹಾಟ್ ಪ್ರೆಸ್, ನಡುವಿನದು ಕೋಲ್ಡ್ ಪ್ರೆಸ್, ತೀರಾ ತರಕಲಾದದ್ದು ರಫ್. ನಯದ ಮೇಲೆ ಪೆನ್ನು ಬೆಣ್ಣೆಯ ಹಾಗೆ ಓಡುತ್ತದೆ, ಆದರೆ ಬಣ್ಣದ ಅಂಚು ಗಡುಸಾಗಿ ನಿಲ್ಲುತ್ತದೆ. ತರಕಲಿನ ಮೇಲೆ ಬಣ್ಣ ಚೆಂದ, ಪೆನ್ನು ಮುಗ್ಗರಿಸುತ್ತದೆ. ಪೆನ್ನು, ಬಣ್ಣ ಎರಡೂ ಬೇಕು ಅನ್ನುವವರಿಗೆ ಕೋಲ್ಡ್ ಪ್ರೆಸ್ ಸರಿ.

ಆದರೂ ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಹೋಗುವಾಗ ರಫ್ ಹಾಳೆ ಒಂದೆರಡು ಜೊತೆಗಿರಲಿ. ಆ ಕೋಟೆಯೆಲ್ಲ ಚಿರೆಕಲ್ಲು. ಕಲ್ಲಿನ ಮೈ ತುಂಬ ಸಣ್ಣ ಸಣ್ಣ ತೂತು, ತೂತಿನೊಳಗೆ ಪಾಚಿ. ಒಂದೊಂದು ತೂತನ್ನೂ ಪೆನ್ನಲ್ಲಿ ಕುಕ್ಕುತ್ತಾ ಕೂತರೆ ಗೋಡೆ ಸತ್ತು ಹೋಗುತ್ತದೆ. ಕುಂಚದಲ್ಲಿ ನೀರು ಕಮ್ಮಿ, ಬಣ್ಣ ಜಾಸ್ತಿ ಇಟ್ಟುಕೊಳ್ಳಿ. ಬಟ್ಟೆಗೆ ಒಮ್ಮೆ ಒರೆಸಿ, ಕುಂಚವನ್ನು ಅಡ್ಡ ಮಲಗಿಸಿ ಹಾಳೆ ಮೇಲೆ ಸರ್ರನೆ ಎಳೆಯಿರಿ. ಹಾಳೆಯ ದಿಬ್ಬಕ್ಕೆ ಬಣ್ಣ ತಾಗುತ್ತದೆ, ತಗ್ಗು ಬೆಳ್ಳಗೆ ಉಳಿಯುತ್ತದೆ. ಅದು ಒಣಗಿದ ಮೇಲೆ ತೆಳು ಹಸಿರನ್ನು ಮೇಲಿಂದ ಹರಿಬಿಟ್ಟರೆ ಆ ತಗ್ಗುಗಳಲ್ಲಿ ಪಾಚಿ ಕೂರುತ್ತದೆ. ಚಿರೆಕಲ್ಲನ್ನು ಹಾಳೆಯೇ ಬಿಡಿಸಿ ಕೊಡುತ್ತದೆ.

ಪುಸ್ತಕವೋ, ಬಿಡಿ ಹಾಳೆಯೋ?

ಸ್ಪೈರಲ್ ಬೈಂಡಿಂಗ್ ಬೇಡ. ಕಡಲಂಚಿನಲ್ಲಿ ತಂತಿ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ಹಾಳೆಗೆ ಇಳಿಯುತ್ತದೆ. ಹೊಲಿಗೆ ಹಾಕಿದ ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಎರಡು ಪುಟಕ್ಕೂ ಸೇರಿಸಿ ಉದ್ದ ಚಿತ್ರ ಬಿಡಿಸಬಹುದು. ಮಳೆಗಾಲಕ್ಕೆ ಮಾತ್ರ ಬಿಡಿ ಹಾಳೆಗಳೇ ಮೇಲು. ಪ್ಲೈವುಡ್ ತುಂಡಿಗೆ ನಾಲ್ಕು ಕ್ಲಿಪ್ ಹಾಕಿದರೆ ಆಯಿತು. ಒಂದು ಒಣಗುತ್ತಿರುವಾಗ ಇನ್ನೊಂದು ಶುರು ಮಾಡಬಹುದು, ಅಂಟಿಕೊಳ್ಳುವ ಭಯ ಇಲ್ಲ. ಬೇಸಿಗೆಯಲ್ಲೂ ಈ ಕ್ಲಿಪ್ ಬೇಕು, ಮಧ್ಯಾಹ್ನದ ಕಡಲ ಗಾಳಿ ಪುಟ ನಿಲ್ಲಲು ಬಿಡುವುದಿಲ್ಲ.

ಅಡ್ಡ ಪುಸ್ತಕವೋ, ಉದ್ದ ಪುಸ್ತಕವೋ ಅನ್ನುವುದು ನೀವು ಹೋಗುವ ದಾರಿ ಮೇಲೆ ನಿಂತಿದೆ. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯುದ್ದಕ್ಕೂ ಹೋಗುವವರಿಗೆ ಅಡ್ಡ ಪುಸ್ತಕ. ಕಾಳಿ ಕಡಲು ಸೇರುವ ಜಾಗ, ಆಚೆ ದಡದ ಸದಾಶಿವಗಡ, ಹೊನ್ನಾವರದಲ್ಲಿ ಶರಾವತಿಯ ಮೇಲಿನ ಎರಡು ಕಿಲೋಮೀಟರ್ ಉದ್ದದ ರೈಲು ಸೇತುವೆ, ಎಲ್ಲವೂ ಅಡ್ಡಡ್ಡವೇ. ಮುರುಡೇಶ್ವರದಲ್ಲಿ ಮಾತ್ರ ಇಪ್ಪತ್ತು ಅಂತಸ್ತಿನ ಗೋಪುರಕ್ಕೆ ಪುಸ್ತಕ ತಿರುಗಿಸಿ ಹಿಡಿಯಬೇಕಾಗುತ್ತದೆ. ಘಟ್ಟದ ಕಡೆ ಹೋಗುವವರಿಗೆ ಉದ್ದನೆಯದು. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಉಂಚಳ್ಳಿ ಜಲಪಾತ, ಅಡಿಕೆ ಮರ, ಎಲ್ಲವೂ ನೆಟ್ಟಗೆ ಮೇಲಕ್ಕೆ. ಅಳತೆ ಎ5 ಸಾಕು. ಎ4 ಬಸ್ಸಿನಲ್ಲಿ ತೊಡೆ ಮೇಲೆ ನಿಲ್ಲದು.

ಪೆನ್ನು: ಶಾಯಿ ನೋಡಿ ಕೊಳ್ಳಿ

ಪೆನ್ನಿನ ಹೆಸರಿಗಿಂತ ಶಾಯಿ ಮುಖ್ಯ. ಶಾಯಿಯಲ್ಲಿ ಎರಡು ಬಗೆ. ಡೈ ಶಾಯಿಯಲ್ಲಿ ಬಣ್ಣ ನೀರಿನಲ್ಲಿ ಕರಗಿರುತ್ತದೆ, ಕುಂಚ ತಾಗಿದರೆ ಸಾಮಾನ್ಯವಾಗಿ ಹರಡುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸಣ್ಣ ಕಣಗಳು ತೇಲುತ್ತಿರುತ್ತವೆ. ಒಣಗಿ ಹಾಳೆಯ ನಾರಿಗೆ ಕಚ್ಚಿಕೊಂಡರೆ ನೀರಿಗೂ ಜಗ್ಗುವುದಿಲ್ಲ, ಬಿಸಿಲಿಗೂ ಜಗ್ಗುವುದಿಲ್ಲ.

ಇದು ಬರೀ ಅಂದಚಂದದ ಪ್ರಶ್ನೆ ಅಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು. ಅದಕ್ಕೂ ಮೊದಲು ಸದಾಶಿವಗಡದ ಕಡೆಯಿಂದ ಕೂತು ಆ ಸೇತುವೆ ಬಿಡಿಸಿದವರ ಪುಸ್ತಕ ಈಗ ಒಂದು ದಾಖಲೆ. ಊರು ಬದಲಾಗುತ್ತಿರುತ್ತದೆ, ಗೆರೆ ಉಳಿಯಬೇಕು. ಅದಕ್ಕೇ ಪಿಗ್ಮೆಂಟ್ ಶಾಯಿಯ ಮೇಲೆ ನನಗೆ ಇಷ್ಟು ಹಟ.

ಪಿಗ್ಮೆಂಟ್ ಶಾಯಿ ಸುಲಭವಾಗಿ ಸಿಗುವುದು ಫೈನ್‌ಲೈನರ್‌ನಲ್ಲಿ, ಅಂದರೆ ಸಣ್ಣ ನಾರಿನ ತುದಿಯ ಪೆನ್ನಿನಲ್ಲಿ. ಸಕೂರಾ ಪಿಗ್ಮಾ ಮೈಕ್ರಾನ್, ಯೂನಿ ಪಿನ್ ಎರಡೂ ನಂಬಬಹುದಾದವು. ಮೈಕ್ರಾನ್‌ನಲ್ಲಿ 01 ಅಂದರೆ 0.25 ಮಿಲಿಮೀಟರ್ ಗೆರೆ, 05 ಅಂದರೆ 0.45. ಪ್ರವಾಸಕ್ಕೆ ಇವೆರಡು ಇದ್ದರೆ ಸಾಕು. ಇವುಗಳ ಕಷ್ಟ ಒಂದೇ. ತುದಿ ಮೆತ್ತಗೆ. ತರಕಲು ಹಾಳೆ ಮೇಲೆ ಒತ್ತಿ ಬರೆದರೆ ಸವೆದು ಒಳಗೆ ಹೋಗುತ್ತದೆ, ಶಾಯಿ ಇನ್ನೂ ಇದ್ದರೂ ಪೆನ್ನು ಮುಗಿದ ಹಾಗೆ.

ಫೌಂಟನ್ ಪೆನ್ನಿಗೆ ಆ ತೊಂದರೆ ಇಲ್ಲ. ಸ್ಟೀಲ್ ನಿಬ್ಬು ವರ್ಷಗಟ್ಟಲೆ ಬಾಳುತ್ತದೆ. ಕೈ ಒತ್ತಡಕ್ಕೆ ಗೆರೆ ಸ್ವಲ್ಪ ದಪ್ಪ, ಸ್ವಲ್ಪ ತೆಳು ಆಗುತ್ತದೆ, ಚಿತ್ರಕ್ಕೆ ಜೀವ ಬರುತ್ತದೆ. ಆದರೆ ಒಳಗೆ ಹಾಕುವುದು ಫೌಂಟನ್ ಪೆನ್ನಿಗೇ ಮಾಡಿದ ಪಿಗ್ಮೆಂಟ್ ಶಾಯಿ ಆಗಿರಬೇಕು, ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್ ಥರದ್ದು. ಡ್ರಾಯಿಂಗ್‌ಗೆ ಅಂತ ಬಾಟಲಿಯಲ್ಲಿ ಸಿಗುವ ಅರಗು ಬೆರೆತ ಇಂಡಿಯನ್ ಇಂಕ್ ಹಾಕಿದರೆ ನಿಬ್ಬು ಕಟ್ಟಿಕೊಂಡು ಪೆನ್ನೇ ಹಾಳು. ಇನ್ನು, ಪಿಗ್ಮೆಂಟ್ ತುಂಬಿದ ಪೆನ್ನನ್ನು ವಾರಗಟ್ಟಲೆ ಸುಮ್ಮನೆ ಇಡಬಾರದು. ದಿನಾ ಬಿಡಿಸುವವರಿಗೆ ಫೌಂಟನ್ ಪೆನ್ನು, ವರ್ಷಕ್ಕೆ ಎರಡು ಪ್ರವಾಸ ಮಾಡುವವರಿಗೆ ಫೈನ್‌ಲೈನರ್. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಇವೆರಡೂ ಕೈಗೆಟುಕದಿದ್ದರೆ ಅಂಕೋಲೆಯ ಯಾವ ಅಂಗಡಿಯಲ್ಲೂ ಸಿಗುವ ಬಾಲ್ ಪೆನ್ನು ತಗೊಳ್ಳಿ. ಅದರ ಶಾಯಿ ಎಣ್ಣೆಯದ್ದು, ನೀರು ತಾಗಿದರೆ ಅಷ್ಟಾಗಿ ಹರಡುವುದಿಲ್ಲ. ಹಗುರ ಒತ್ತಿದರೆ ಬೂದು, ಗಟ್ಟಿ ಒತ್ತಿದರೆ ಕಡು. ಬಲೆಯ ಎಳೆಗೆ, ತೆಂಗಿನ ಗರಿಗೆ ಇದರಷ್ಟು ಹೊಂದುವ ಪೆನ್ನು ಕಮ್ಮಿ. ಅನೇಕರ ಜೇಬಲ್ಲಿರುವ ಪೈಲಟ್ ವಿ5 ಬೇರೆ ಜಾತಿ. ಅದರದು ಡೈ ಶಾಯಿ, ಒದ್ದೆ ಕುಂಚ ಎಳೆದರೆ ಗೆರೆ ಕರಗಿ ನೆರಳಾಗುತ್ತದೆ. ಬಣ್ಣವಿಲ್ಲದೆ ಬರೀ ಪೆನ್ನು, ನೀರು ಇಟ್ಟುಕೊಂಡು ಬಿಡಿಸಲು ಅದು ಬಹಳ ಚೆಂದ. ಅದರ ಮೇಲೆ ಹಳದಿ ಹಚ್ಚಲು ಹೋದರೆ ಕೊಳಕು ಹಸಿರು ಬರುತ್ತದೆ.

ನೆನಪಿಡಿ, ಪಿಗ್ಮೆಂಟ್ ಶಾಯಿಯೂ ನಮ್ಮ ತೇವದಲ್ಲಿ ನಿಧಾನ ಒಣಗುತ್ತದೆ. ಪುಟದ ಮೂಲೆಯಲ್ಲಿ ಒಂದು ಗೆರೆ ಎಳೆದು, ಸ್ವಲ್ಪ ಹೊತ್ತು ಬಿಟ್ಟು ಒದ್ದೆ ಬೆರಳಲ್ಲಿ ಉಜ್ಜಿ ನೋಡಿ. ಆ ದಿನದ ಗಾಳಿಗೆ ಎಷ್ಟು ಕಾಯಬೇಕು ಅಂತ ಗೊತ್ತಾಗುತ್ತದೆ.

ಗೆರೆ ಮೊದಲೋ, ಬಣ್ಣ ಮೊದಲೋ?

ಸಾಮಾನು ಕೊಳ್ಳುವಾಗ ಯಾರೂ ಇದನ್ನು ಕೇಳುವುದಿಲ್ಲ. ಆದರೆ ನಿಮ್ಮ ಪುಸ್ತಕ ಹೇಗೆ ಕಾಣುತ್ತದೆ ಅನ್ನುವುದು ಪೆನ್ನಿನ ಕಂಪನಿಗಿಂತ ಇದರ ಮೇಲೆ ಜಾಸ್ತಿ ನಿಂತಿದೆ.

ಕದಲುವ ವಸ್ತುವಿಗೆ ಗೆರೆ ಮೊದಲು. ತದಡಿಯ ಬಂದರಲ್ಲಿ ಕೂತರೆ ನೀರು ಇಳಿಯುತ್ತಾ ಹೋಗುತ್ತದೆ, ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ, ಅಷ್ಟರಲ್ಲಿ ಯಾರೋ ಬಂದು ಹಗ್ಗ ಬಿಚ್ಚುತ್ತಾರೆ. ರಂಪಣಿ ಬಲೆ ಎಳೆಯುವಾಗಲಂತೂ ದಂಡೆ ಮೇಲೆ ಜನರ ಸಾಲೇ ಹಿಂದೆ ಹಿಂದೆ ಸರಿಯುತ್ತಿರುತ್ತದೆ. ಅಲ್ಲಿ ಬಣ್ಣದ ಡಬ್ಬಿ ತೆರೆಯಲು ಪುರುಸೊತ್ತಿಲ್ಲ. ಬೆನ್ನಿನ ಬಾಗು, ಹಗ್ಗದ ಇಳಿಜಾರು, ಇಷ್ಟನ್ನು ಹಿಡಿದುಕೊಳ್ಳಿ. ಬಣ್ಣ ಆಮೇಲೆ ಚಾ ಅಂಗಡಿಯಲ್ಲಿ ಕೂತು ಹಾಕಬಹುದು. ಬಲೆ ಹೊಲಿಯುತ್ತಿದ್ದ ಅಜ್ಜ ಒಬ್ಬರು ಒಮ್ಮೆ ನನ್ನ ಪುಟಕ್ಕೆ ಬಗ್ಗಿ ನೋಡಿ, "ತಮ್ಮಾ, ದೋಣಿ ಬರ್ದಿ, ಬಲೆ ಎಲ್ಲಿ?" ಅಂದರು. ಸರಿಯಾದ ಪ್ರಶ್ನೆ. ದೋಣಿಯ ಅಂಚಿನ ಮೇಲೆ ರಾಶಿ ಬಿದ್ದಿದ್ದ ಬಲೆಗೆ ನಾಲ್ಕು ಸುತ್ತು ಗೆರೆ ಹಾಕಿದೆ. ದೋಣಿಗೆ ಭಾರ ಬಂತು.

ದೋಣಿಗಳನ್ನು ಸಾವಕಾಶವಾಗಿ ಬಿಡಿಸಬೇಕು ಅನ್ನುವವರಿಗೆ ಜೂನ್, ಜುಲೈ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲದಂಥ ಬಂದರುಗಳಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಎಲ್ಲಿಗೂ ಹೋಗುವುದಿಲ್ಲ. ತಲೆ ಮೇಲೊಂದು ಮಾಡು ಹುಡುಕಿಕೊಂಡರೆ ಆಯಿತು. ಕಾರವಾರದ ಸುತ್ತ ನೌಕಾನೆಲೆಯ ಬೇಲಿ, ಹಡಗುಗಳ ಕಡೆ ಮಾತ್ರ ಪುಸ್ತಕ ತೆರೆಯಬೇಡಿ. ಫೋಟೋಗೆ ಇರುವ ಎಚ್ಚರಿಕೆಯೇ ಚಿತ್ರಕ್ಕೂ ಇರಲಿ.

ಬಣ್ಣ ಮೊದಲು ಹಾಕಬೇಕಾದ ಜಾಗ ತೋಟ. ಶಿರಸಿಯ ಅಡಿಕೆ ತೋಟದೊಳಗೆ ಗೆರೆಯಿಂದ ಶುರು ಮಾಡಿದರೆ ಕಂಬಗಳ ಸಾಲು ಕಾಣುತ್ತದೆ, ತೋಟ ಕಾಣುವುದಿಲ್ಲ. ಅಲ್ಲಿರುವುದು ಮೇಲಿಂದ ಸೋರುವ ಬೆಳಕು. ಮೊದಲು ಇಡೀ ಪುಟಕ್ಕೆ ತೆಳು ಹಳದಿ ಹಸಿರು. ಅದು ಅರೆ ಒದ್ದೆ ಇರುವಾಗಲೇ ಅಂಚುಗಳಿಗೆ ಕಡು ಹಸಿರು. ಪೂರ್ತಿ ಒಣಗಿದ ಮೇಲೆ ಐದಾರು ಮರ, ಒಂದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಇಷ್ಟಕ್ಕೆ ಮಾತ್ರ ಪೆನ್ನು. ಸಂಜೆಯ ಕಡಲೂ ಹೀಗೆಯೇ. ಸೂರ್ಯ ಮುಳುಗುವುದಕ್ಕೆ ಗೆರೆ ಏನು ಮಾಡಲು ಸಾಧ್ಯ, ಅಲ್ವಾ?

ಬಣ್ಣ: ಟ್ಯೂಬೋ, ಕೇಕೋ, ಎಷ್ಟು?

ಮಕ್ಕಳ ಬಣ್ಣದ ಕೇಕ್‌ಗಳಲ್ಲಿ ಬಣ್ಣದ ಪುಡಿ ಕಮ್ಮಿ, ಸುಣ್ಣದಂಥ ತುಂಬುವ ಪುಡಿ ಜಾಸ್ತಿ. ಹಾಳೆಯ ಬಿಳುಪು ಕೆಳಗಿಂದ ಹೊಳೆಯುವುದಿಲ್ಲ. ದೊಡ್ಡ ಡಬ್ಬಿಯ ಬದಲು ಕಲಾವಿದರ ದರ್ಜೆಯ ಆರು ಟ್ಯೂಬ್ ಕೊಂಡು, ಹಾಫ್ ಪ್ಯಾನ್ ಅನ್ನುವ ಪುಟ್ಟ ಖಾಲಿ ಬಟ್ಟಲುಗಳಿಗೆ ತುಂಬಿ ಒಣಗಿಸಿಕೊಳ್ಳಿ. ನಮ್ಮದೇ ಕ್ಯಾಮ್ಲಿನ್ ಕಲಾವಿದರ ಟ್ಯೂಬ್‌ಗಳಿಂದ ಶುರು ಮಾಡಬಹುದು. ತುಂಬುವ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿ. ಮಳೆಗಾಲದಲ್ಲಿ ತುಂಬಿದರೆ ಒಣಗುವ ಮೊದಲೇ ಬೂಸ್ಟು ಬರುತ್ತದೆ, ಬಣ್ಣಕ್ಕೆ ಬೆರೆಸುವ ಗೋಂದು ಅದಕ್ಕೆ ಆಹಾರ. ಜೇನು ಹೆಚ್ಚು ಬೆರೆತ ಬಣ್ಣಗಳು ನೀರು ಮುಟ್ಟಿಸಿದ ಕೂಡಲೇ ಕರಗುತ್ತವೆ, ಬೇರೆ ಊರಿಗೆ ಅವು ಸೊಗಸು. ಜೇನು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಡಬ್ಬಿಯೊಳಗೆ ಅಂಟು ಅಂಟಾಗಿ ಹರಿದು ಒಂದಕ್ಕೊಂದು ಸೇರುತ್ತವೆ. ನಮಗೆ ಬೇಡ.

ಯಾವ ಆರು? ಅಲ್ಟ್ರಾಮರೀನ್ ನೀಲಿ, ಥ್ಯಾಲೋ ನೀಲಿ, ಲೆಮನ್ ಹಳದಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು), ಕ್ವಿನಾಕ್ರಿಡೋನ್ ರೋಸ್ (ಗುಲಾಬಿ ಕೆಂಪು). ಕೆಂಪಿಗೆ ಅಲಿಜರಿನ್ ಕ್ರಿಮ್ಸನ್ ತಗೊಳ್ಳುವವರು ಟ್ಯೂಬಿನ ಮೇಲಿನ ಸಂಕೇತ ನೋಡಿ. ಪಿಆರ್ 83 ಅಂತ ಇದ್ದರೆ ಅದು ಬೆಳಕಿಗೆ ಮಾಸುವ ಬಣ್ಣ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ದಪ್ಪಗೆ ಬೆರೆಸಿದರೆ ಯಾಣದ ಬಂಡೆಯ ಕಪ್ಪು, ನೀರು ಜಾಸ್ತಿ ಮಾಡಿದರೆ ಮಳೆಮೋಡ. ಕಪ್ಪು ಟ್ಯೂಬ್ ಬೇಕಾಗಿಲ್ಲ. ಥ್ಯಾಲೋ ನೀಲಿಗೆ ಲೆಮನ್ ಹಳದಿ ಸೇರಿದರೆ ಭತ್ತದ ಸಸಿಮಡಿ, ಅದಕ್ಕೇ ಚೂರು ಸಿಯೆನ್ನಾ ಬಿದ್ದರೆ ಅಡಿಕೆ ಸೋಗೆ. ಮಳೆ ಬಂದ ಮೇಲೆ ಕಾಳಿಯ ಬಾಯಲ್ಲಿ ಕಡಲು ನೀಲಿ ಇರುವುದಿಲ್ಲ, ಓಕರ್ ಕಲಸಿದ ಕೆಂಪು ಮಣ್ಣಿನ ನೀರು. ಕಂಡದ್ದನ್ನೇ ಹಚ್ಚಿ.

ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಬೇಸಿಗೆಯಲ್ಲಿ ಹೋದರೆ ಬಿಳಿ ಬಣ್ಣ ಕೂಡ ಬೇಡ. ಉಪ್ಪಿನ ರಾಶಿ ಅಂದರೆ ಹಾಳೆಯ ಬಿಳುಪೇ. ಸುತ್ತಲಿನ ನೀರಿಗೆ, ಕೆಸರಿಗೆ ಬಣ್ಣ ಹಚ್ಚಿ, ರಾಶಿಯನ್ನು ಹಾಗೇ ಬಿಡಿ. ಆದರೆ ಕುಂಚ ಅದ್ದಲು ಕಡಲ ನೀರು ಬಳಸಬೇಡಿ. ಉಪ್ಪು ಹಾಳೆಯೊಳಗೆ ಉಳಿದು ಮಳೆಗಾಲದಲ್ಲಿ ಮತ್ತೆ ಮತ್ತೆ ತೇವ ಎಳೆಯುತ್ತದೆ. ಬಾಟಲಿಯಲ್ಲಿ ಸಿಹಿ ನೀರು ಒಯ್ಯಿರಿ.

ಆರು ಬಣ್ಣವೂ ಜಾಸ್ತಿ ಅನ್ನಿಸಿದವರಿಗೆ ನಮ್ಮ ಜಿಲ್ಲೆಯಲ್ಲೇ ಒಂದು ದಾರಿ ಇದೆ. ಇಲ್ಲಿನ ಹಳೆ ದೇವಸ್ಥಾನಗಳ, ಮನೆಗಳ ಗೋಡೆ ಮೇಲಿನ ಕಾವಿ ಕಲೆ ನೋಡಿ. ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಪದರ, ಹಸಿ ಇರುವಾಗಲೇ ಗೀರಿ ತೆಗೆದ ಬಿಳಿ ಗೆರೆ. ಎರಡೇ ಬಣ್ಣದಲ್ಲಿ ದೇವರು, ಆನೆ, ಬಳ್ಳಿ ಎಲ್ಲ. ಬರ್ನ್ಟ್ ಸಿಯೆನ್ನಾ ಒಂದೇ ಪ್ಯಾನ್, ಒಂದು ಕಂದು ಫೈನ್‌ಲೈನರ್ ಹಿಡಿದು ಬನವಾಸಿಯ ಮಧುಕೇಶ್ವರ, ಸೋದೆ, ಸಹಸ್ರಲಿಂಗ ಮೂರನ್ನೂ ಬಿಡಿಸಿ ಬರಬಹುದು. ಬ್ಯಾಗು ಹಗುರ, ಪುಸ್ತಕ ಮೊದಲಿಂದ ಕೊನೆವರೆಗೆ ಒಂದೇ ಮೈಬಣ್ಣದಲ್ಲಿ ಇರುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಚಿತ್ರ ಕಲಿಯಲು ತಡವಾಯಿತು ಅನ್ನುವವರಿಗೆ ಇನ್ನೊಂದು ಮಾತು. ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಟ್ಯಾಗೋರ್ ಇಲ್ಲಿಗೆ ಬಂದದ್ದು ಇಪ್ಪತ್ತರ ಹರೆಯದಲ್ಲಿ, ಚಿತ್ರಕಲೆಯನ್ನು ಗಟ್ಟಿಯಾಗಿ ಹಿಡಿದದ್ದು ಅರವತ್ತು ದಾಟಿದ ಮೇಲೆ.

ಕುಂಚ

ಹಿಡಿಯಲ್ಲೇ ನೀರು ತುಂಬುವ ವಾಟರ್ ಬ್ರಶ್ ರೈಲಿಗೆ, ಬಸ್ಸಿಗೆ. ಕೊಂಕಣ ರೈಲ್ವೆಯ ಕಿಟಕಿ ಪಕ್ಕ ನೀರಿನ ಡಬ್ಬಿ ಇಡಲು ಜಾಗ ಎಲ್ಲಿದೆ? ಆದರೆ ಅದರಲ್ಲಿ ನೀರು ಇಳಿಯುತ್ತಲೇ ಇರುವುದರಿಂದ ಕಡು ಬಣ್ಣ ಹಚ್ಚುವುದು ಕಷ್ಟ, ಅಗಲವಾದ ಆಕಾಶವೂ ಕಷ್ಟ. ಕೂತು ಬಿಡಿಸುವವರಿಗೆ ತುದಿ ಚೂಪಾಗಿರುವ 8ನೇ ನಂಬರಿನ ದುಂಡು ಸಿಂಥೆಟಿಕ್ ಕುಂಚ ಒಂದೇ ಸಾಕು. ದೇವಿಮನೆ ಘಟ್ಟದ ತಿರುವುಗಳಲ್ಲಿ ಎರಡೂ ಬ್ಯಾಗಿನಲ್ಲೇ ಇರಲಿ. ಕಿಟಕಿಯಿಂದ ನೋಡುತ್ತಾ ಕೂರುವುದೇ ಒಳ್ಳೆಯದು.

ಮನೆಗೆ ಬಂದ ಮೇಲೆ

ಹತ್ತಿ ಹಾಳೆ ಬಣ್ಣ ಹೀರದಂತೆ ಸಾಮಾನ್ಯವಾಗಿ ಜೆಲಟಿನ್ ಲೇಪ ಕೊಟ್ಟಿರುತ್ತಾರೆ. ತೇವದಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಆ ಲೇಪ ಕೆಡುತ್ತದೆ. ಬಣ್ಣ ಒಳಗೆ ಇಂಗಿ ಚುಕ್ಕಿ ಚುಕ್ಕಿ ಏಳುತ್ತದೆ. ಅದಕ್ಕೆ ದುಬಾರಿ ಹಾಳೆಯನ್ನು ಕೂಡಿಡಬೇಡಿ. ಆ ಹಂಗಾಮಿಗೆ ಬೇಕಾದಷ್ಟೇ ತನ್ನಿ. ಖಾಲಿ ಹಾಳೆ, ತುಂಬಿದ ಪುಸ್ತಕ ಎರಡನ್ನೂ ಮೇ ತಿಂಗಳ ಕೊನೆಯೊಳಗೆ ನೆರಳಲ್ಲಿ ಗಾಳಿಯಾಡಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಬಣ್ಣದ ಡಬ್ಬಿಯನ್ನು ಮಾತ್ರ ಒದ್ದೆ ಇರುವಾಗಲೇ ಮುಚ್ಚಿಡಬಾರದು, ಪ್ರತಿ ಸಲ ಬಳಸಿದ ಮೇಲೆ ಒಂದು ರಾತ್ರಿ ಫ್ಯಾನಿನ ಕೆಳಗೆ ತೆರೆದಿಟ್ಟು ಆಮೇಲೆ ಮುಚ್ಚಿ. ಪ್ಯಾನ್ ಮೇಲೆ ಬಿಳಿ ಬೂಸ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಆ ಮೇಲಿನ ಪದರವನ್ನು ಒರೆಸಿ ತೆಗೆದು, ಪೂರ್ತಿ ಒಣಗಿಸಿ. ಪುಸ್ತಕದ ಪುಟಕ್ಕೆ ಬಂದರೆ ಒದ್ದೆ ಮಾಡಬೇಡಿ, ಒಣಗಿಸಿ ಮೆತ್ತನೆ ಒಣ ಕುಂಚದಲ್ಲಿ ಮನೆಯ ಹೊರಗೆ ಗುಡಿಸಿ.